ಧ್ವನಿ ಸಂಪಾದನೆಯಲ್ಲಿ ಶಾರ್ಟ್‌ಕಟ್ ಕೀಲಿಗಳು: ಜನಪದ ಮುದ್ರಿಕೆಗಳಿಗೊಂದು ಕೈಪಿಡಿ

ತುಂಗಭದ್ರೆಯ ದಂಡೆಯಿಂದ ಸಂಡೂರಿನ ಬೆಟ್ಟಸಾಲಿನವರೆಗಿನ ಸೀಮೆ ಹಾಡು, ಕಥನ ಮತ್ತು ಆಟಗಳಿಗೆ ಹೆಸರಾದದ್ದು. ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿಯ ಆಸುಪಾಸಿನಲ್ಲಿ ಬುರ್ರಕಥೆ, ಬಯಲಾಟ, ಭಜನೆ, ಲಂಬಾಣಿ ಹಾಡುಗಳ ಪರಂಪರೆ ಇದೆ. ಇವುಗಳನ್ನು ಧ್ವನಿಮುದ್ರಿಸುವುದು ಇಂದು ಕಷ್ಟದ ಕೆಲಸವಲ್ಲ. ಸಾಧಾರಣ ಲ್ಯಾಪ್‌ಟಾಪ್ ಮತ್ತು ಒಂದು ಉತ್ತಮ ಮೈಕ್ ಸಾಕು. ಕಷ್ಟವಿರುವುದು ಮುದ್ರಣದ ನಂತರ. ರಾತ್ರಿಯಿಡೀ ನಡೆದ ಕಥನದಲ್ಲಿ ಯಾವ ಪ್ರಸಂಗ ಎಲ್ಲಿದೆ ಎಂಬ ಗುರುತಿಲ್ಲದಿದ್ದರೆ ಆ ಕಡತ ಇದ್ದೂ ಇಲ್ಲದಂತೆ. ಅದನ್ನು ಬಿಡಿಸಿ, ಗುರುತಿಸಿ, ಜೋಡಿಸುವ ಕೆಲಸದಲ್ಲಿ ಕೀಲಿಮಣೆಯ ಶಾರ್ಟ್‌ಕಟ್‌ಗಳು ಹೇಗೆ ನೆರವಾಗುತ್ತವೆ ಎಂಬುದರ ವಿವರ ಇಲ್ಲಿದೆ.

ಹಾಡುವವರು ಮತ್ತು ಮುದ್ರಿಕೆ

ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಈ ಭಾಗದ ಮೌಖಿಕ ಪರಂಪರೆಯ ದೊಡ್ಡ ಹೆಸರು. ಅಲೆಮಾರಿ ಬುಡ್ಗ ಜಂಗಮ ಸಮುದಾಯಕ್ಕೆ ಸೇರಿದ ಅವರು ಅಕ್ಷರ ಕಲಿತವರಲ್ಲ. ಆದರೂ ಹನ್ನೆರಡು ಜನಪದ ಕಾವ್ಯಗಳು ಅವರ ನೆನಪಿನಲ್ಲಿದ್ದವು. ಅಚ್ಚಿನಲ್ಲಿ ಅವು ಸುಮಾರು 7,000 ಪುಟಗಳಾಗುತ್ತವೆ ಎಂಬ ಲೆಕ್ಕವಿದೆ. ಕಂಪ್ಲಿಯ ರಾಜಮನೆತನದ ವೀರ ಕುಮಾರರಾಮನ ಕಥೆಯೂ ಅವುಗಳಲ್ಲಿ ಒಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತ್ತು. ಈರಮ್ಮ 2014ರ ಆಗಸ್ಟ್‌ನಲ್ಲಿ ನಿಧನರಾದರು.

ಇಂತಹ ಕಲಾವಿದೆ ತೀರಿಕೊಂಡ ಮೇಲೆ ಉಳಿಯುವುದು ಅಚ್ಚಾದ ಪಠ್ಯ ಮತ್ತು ಧ್ವನಿಮುದ್ರಿಕೆ ಮಾತ್ರ. ಪಠ್ಯದಲ್ಲಿ ಕಥೆ ಸಿಗುತ್ತದೆ. ಆದರೆ ದನಿಯ ಏರಿಳಿತ, ತಂಬೂರಿಯ ಶ್ರುತಿ, ವಾದ್ಯದ ನಡೆ, ಜತೆಗಾರ್ತಿಯರು ಪಲ್ಲವಿ ಹಿಡಿಯುವ ಕ್ಷಣಗಳು ಮುದ್ರಿಕೆಯಲ್ಲಷ್ಟೇ ಇರುತ್ತವೆ. ಅದನ್ನು ಮುಂದಿನ ತಲೆಮಾರಿನ ಹಾಡುಗಾರರು ಮತ್ತು ಅಧ್ಯಯನಕಾರರು ಬಳಸಬೇಕಾದರೆ ಪ್ರಸಂಗವಾರು ವಿಂಗಡಣೆ ಅನಿವಾರ್ಯ.

ಬ್ಲೇಡಿನಿಂದ ಕೀಲಿಯವರೆಗೆ

ಮ್ಯಾಗ್ನೆಟಿಕ್ ಟೇಪಿನ ಕಾಲದಲ್ಲಿ ಧ್ವನಿಯನ್ನು ಸಂಪಾದಿಸುವುದೆಂದರೆ ಪಟ್ಟಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಬೇಡದ ಭಾಗ ತೆಗೆದು, ಉಳಿದ ತುದಿಗಳನ್ನು ಅಂಟುಪಟ್ಟಿಯಿಂದ ಸೇರಿಸುವುದಾಗಿತ್ತು. ತಪ್ಪಿ ಕತ್ತರಿಸಿದರೆ ಮೂಲ ಪ್ರತಿಗೇ ಹಾನಿ. ಗಣಕಯಂತ್ರ ಬಂದ ಮೇಲೆ ಬ್ಲೇಡಿನ ಜಾಗಕ್ಕೆ ಆಜ್ಞೆಗಳು ಬಂದವು.

ಕತ್ತರಿಸಿ ಅಂಟಿಸುವ ಆಜ್ಞೆಗಳಿಗೆ 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಹಾಗೂ ಸಂಗಡಿಗರು ರೂಪ ಕೊಟ್ಟರು. ಆಪಲ್ ಸಂಸ್ಥೆಯ 1983ರ ಲೀಸಾ ಗಣಕದಲ್ಲಿ ಝಡ್, ಎಕ್ಸ್, ಸಿ, ವಿ ಕೀಲಿಗಳು ಈ ಕೆಲಸಗಳಿಗೆ ನಿಗದಿಯಾದವು. ನಾಲ್ಕೂ ಕೀಲಿಗಳು ಎಡಗೈಗೆ ಎಟುಕುವಂತೆ ಒಂದೇ ಸಾಲಿನಲ್ಲಿವೆ. ಬಲಗೈ ಮೌಸ್ ಮೇಲೆಯೇ ಇರಬಹುದು. ಇಂದಿನ ಧ್ವನಿ ತಂತ್ರಾಂಶಗಳೂ ಇದೇ ವ್ಯವಸ್ಥೆಯನ್ನು ಅನುಸರಿಸುತ್ತವೆ.

ಶಾರ್ಟ್‌ಕಟ್‌ನಿಂದ ಸಮಯ ಉಳಿಯುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಲೆಕ್ಕ ಹಾಕಿದರೆ ಆ ಉಳಿತಾಯ ಅಷ್ಟೇನೂ ದೊಡ್ಡದಲ್ಲ. ಐದು ಗಂಟೆಯ ಮುದ್ರಿಕೆಯಲ್ಲಿ 200 ಕಡೆ ಗುರುತು ಹಾಕಬೇಕು, ಪ್ರತಿ ಬಾರಿ ಮೌಸ್ ಹಿಡಿದು ಮೆನು ತೆರೆಯಲು ಆರು ಸೆಕೆಂಡ್ ಬೇಕು ಎಂದುಕೊಂಡರೆ ಒಟ್ಟು 20 ನಿಮಿಷ. ನಿಜವಾದ ನಷ್ಟ ಬೇರೆಯದು. ಮೆನು ಹುಡುಕುವಾಗ ಕಣ್ಣಿನ ಹಿಂದೆ ಗಮನವೂ ಹೋಗುತ್ತದೆ, ಅಷ್ಟರಲ್ಲಿ ಹಾಡಿನ ಒಂದು ಸಾಲು ಕಿವಿ ತಪ್ಪುತ್ತದೆ. ಬೆರಳು ತಾನಾಗಿ ಕೀಲಿ ಒತ್ತುವಂತಾದರೆ ಆಲಿಸುವಿಕೆ ತುಂಡಾಗುವುದಿಲ್ಲ. ಜನಪದ ಮುದ್ರಿಕೆಗಳ ಮಟ್ಟಿಗೆ ಶಾರ್ಟ್‌ಕಟ್‌ನ ಮುಖ್ಯ ಪ್ರಯೋಜನ ಇದೇ.

ಆಡಾಸಿಟಿಯ ಮುಖ್ಯ ಕೀಲಿಗಳು

ಹೊಸಬರು ಆರಂಭಿಸಲು ಸೂಕ್ತವಾದ ತಂತ್ರಾಂಶ ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಇದನ್ನು ಆರಂಭಿಸಿದರು. 2000ದ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾಯಿತು. ಮುಕ್ತ ಆಕರದ ಈ ತಂತ್ರಾಂಶ ಉಚಿತ. 2021ರಿಂದ ಮ್ಯೂಸ್ ಗ್ರೂಪ್ ಇದರ ಹೊಣೆ ಹೊತ್ತಿದೆ. ವಿಂಡೋಸ್‌ನಲ್ಲಿ ಆಡಾಸಿಟಿಯ 3ನೇ ಸರಣಿಯ ಮುಖ್ಯ ಕೀಲಿಗಳು ಇಂತಿವೆ:

* ಸ್ಪೇಸ್ ಬಾರ್: ನುಡಿಸಲು ಮತ್ತು ನಿಲ್ಲಿಸಲು.
* ಎಕ್ಸ್: ನಿಲ್ಲಿಸಿದ ಜಾಗದಲ್ಲಿಯೇ ಕರ್ಸರ್ ಉಳಿಸಲು. ಸ್ಪೇಸ್ ಒತ್ತಿ ನಿಲ್ಲಿಸಿದರೆ ಕರ್ಸರ್ ಆರಂಭಕ್ಕೆ ಮರಳುತ್ತದೆ.
* ಪಿ: ತಾತ್ಕಾಲಿಕವಾಗಿ ತಡೆಯಲು.
* ಆರ್: ಇರುವ ಟ್ರ್ಯಾಕಿನ ಕೊನೆಗೆ ಮುದ್ರಣ ಮುಂದುವರಿಸಲು. ಶಿಫ್ಟ್ ಜತೆ ಆರ್ ಒತ್ತಿದರೆ ಹೊಸ ಟ್ರ್ಯಾಕಿನಲ್ಲಿ ಮುದ್ರಣ.
* ಎಡ ಮತ್ತು ಬಲ ಚೌಕ ಆವರಣ ಚಿಹ್ನೆಗಳು: ಧ್ವನಿ ಕೇಳುತ್ತಿರುವಂತೆಯೇ ಆಯ್ಕೆಯ ಮೊದಲು ಮತ್ತು ಕೊನೆಯನ್ನು ಗೊತ್ತುಪಡಿಸಲು.
* ಝಡ್: ಆಯ್ಕೆಯ ಅಂಚುಗಳನ್ನು ಅಲೆ ಶೂನ್ಯ ದಾಟುವ ಬಿಂದುವಿಗೆ ಸರಿಸಲು. ಕತ್ತರಿಸಿದೆಡೆ ‘ಟಕ್’ ಎಂಬ ಸದ್ದು ಬರುವುದನ್ನು ಇದು ತಗ್ಗಿಸುತ್ತದೆ.
* ಕಂಟ್ರೋಲ್ ಮತ್ತು ಐ: ಕರ್ಸರ್ ಇರುವಲ್ಲಿ ತುಂಡು ಮಾಡಲು. ಕಂಟ್ರೋಲ್ ಮತ್ತು ಜೆ: ತುಂಡುಗಳನ್ನು ಸೇರಿಸಲು.
* ಕಂಟ್ರೋಲ್ ಮತ್ತು ಟಿ: ಆಯ್ದ ಭಾಗವನ್ನಷ್ಟೇ ಉಳಿಸಲು. ಕಂಟ್ರೋಲ್ ಮತ್ತು ಎಲ್: ಆಯ್ದ ಭಾಗವನ್ನು ನಿಶ್ಶಬ್ದಗೊಳಿಸಲು.
* ಕಂಟ್ರೋಲ್ ಜತೆ 1, 3: ಹಿಗ್ಗಿಸಲು, ಕುಗ್ಗಿಸಲು. ಕಂಟ್ರೋಲ್ ಮತ್ತು ಇ: ಆಯ್ದ ಭಾಗವನ್ನು ಪರದೆಯ ಅಗಲಕ್ಕೆ ತರಲು. ಕಂಟ್ರೋಲ್ ಮತ್ತು ಎಫ್: ಇಡೀ ಮುದ್ರಿಕೆಯನ್ನು ಒಟ್ಟಿಗೆ ನೋಡಲು.
* ಕಂಟ್ರೋಲ್ ಮತ್ತು ಆರ್: ಕೊನೆಯ ಎಫೆಕ್ಟನ್ನು ಮತ್ತೊಮ್ಮೆ ಅನ್ವಯಿಸಲು.
* ಕಂಟ್ರೋಲ್ ಮತ್ತು ಝಡ್: ಮಾಡಿದ್ದನ್ನು ರದ್ದುಪಡಿಸಲು. ಕಂಟ್ರೋಲ್ ಮತ್ತು ವೈ: ರದ್ದುಪಡಿಸಿದ್ದನ್ನು ಮರಳಿ ತರಲು.

ಮ್ಯಾಕ್ ಗಣಕಗಳಲ್ಲಿ ಬಹುಪಾಲು ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಷನ್ ಕೀಲಿ ಬಳಕೆಯಾಗುತ್ತದೆ. ಆಡಾಸಿಟಿಯಲ್ಲಿ ಸ್ಟ್ಯಾಂಡರ್ಡ್ ಮತ್ತು ಫುಲ್ ಎಂಬ ಎರಡು ಕೀಲಿಪಟ್ಟಿಗಳಿವೆ. ಯಾವುದಾದರೂ ಕೀಲಿ ಸ್ಪಂದಿಸದಿದ್ದರೆ ಫುಲ್ ಪಟ್ಟಿಯನ್ನು ಆಯ್ದು ನೋಡಬಹುದು.

ಪ್ರಸಂಗಗಳಿಗೆ ಗುರುತು

ದೀರ್ಘ ಕಥನದ ವಿಂಗಡಣೆಗೆ ಆಡಾಸಿಟಿಯ ಲೇಬಲ್ ಸೌಲಭ್ಯ ಬಹಳ ಉಪಯುಕ್ತ. ಧ್ವನಿ ಕೇಳುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಒತ್ತಿದರೆ ಆ ಕ್ಷಣಕ್ಕೆ ಒಂದು ಗುರುತು ಬೀಳುತ್ತದೆ. ಧ್ವನಿ ನಿಲ್ಲುವುದಿಲ್ಲ. ಒಂದು ಭಾಗವನ್ನು ಮೊದಲೇ ಆಯ್ದಿದ್ದರೆ ಕಂಟ್ರೋಲ್ ಮತ್ತು ಬಿ ಒತ್ತಿ ಇಡೀ ಭಾಗಕ್ಕೆ ಹೆಸರು ಕೊಡಬಹುದು.

ಈ ಕೆಲಸವನ್ನು ಎರಡು ಸುತ್ತಿನಲ್ಲಿ ಮಾಡುವುದು ಒಳ್ಳೆಯದು. ಮೊದಲ ಸುತ್ತಿನಲ್ಲಿ ಹೆಸರು ಬರೆಯುವ ಗೋಜಿಗೆ ಹೋಗದೆ, ಪ್ರಸಂಗ ಬದಲಾದಾಗ, ಹಾಡು ನಿಂತು ಮಾತು ಆರಂಭವಾದಾಗ, ಪಲ್ಲವಿ ಮರಳಿದಾಗ ಕಂಟ್ರೋಲ್ ಮತ್ತು ಎಂ, ಬಳಿಕ ಎಂಟರ್ ಒತ್ತುತ್ತಾ ಸಾಗಬೇಕು. ಎರಡನೆಯ ಸುತ್ತಿನಲ್ಲಿ ಆಲ್ಟ್ ಜತೆ ಬಲ ಬಾಣದ ಕೀಲಿ ಒತ್ತಿ ಗುರುತಿನಿಂದ ಗುರುತಿಗೆ ಹೋಗಿ, ಅಲ್ಲಿನ ಕೆಲವು ಸಾಲು ಕೇಳಿ, ಕನ್ನಡದಲ್ಲಿ ಹೆಸರು ಬರೆಯಬೇಕು. ಆಲ್ಟ್ ಜತೆ ಎಡ ಬಾಣ ಹಿಂದಿನ ಗುರುತಿಗೆ ಒಯ್ಯುತ್ತದೆ.

ಕೊನೆಯಲ್ಲಿ ಫೈಲ್ ಮೆನುವಿನಿಂದ ಲೇಬಲ್‌ಗಳನ್ನು ಪ್ರತ್ಯೇಕ ಪಠ್ಯ ಕಡತವಾಗಿ ಹೊರತೆಗೆಯಬಹುದು. ಅದರ ಪ್ರತಿ ಸಾಲಿನಲ್ಲಿ ಆರಂಭದ ಸಮಯ, ಮುಕ್ತಾಯದ ಸಮಯ ಮತ್ತು ಹೆಸರು ಇರುತ್ತವೆ. ಸಮಯ ಸೆಕೆಂಡುಗಳಲ್ಲಿರುತ್ತದೆ. ಐದು ಗಂಟೆಯ ಮುದ್ರಿಕೆಗೆ ಇದೇ ಪರಿವಿಡಿ. ಎಕ್ಸೆಲ್‌ನಂತಹ ತಂತ್ರಾಂಶದಲ್ಲಿಯೂ ತೆರೆಯಬಹುದಾದ ಈ ಪುಟ್ಟ ಕಡತವನ್ನು ಧ್ವನಿಯ ಜತೆಯಲ್ಲೇ ಕಾದಿಟ್ಟರೆ, ಮುಂದೆ ಕೇಳುವವರು ಬೇಕಾದ ಪ್ರಸಂಗಕ್ಕೆ ನೇರವಾಗಿ ಹೋಗಬಹುದು.

ಕನ್ನಡ ಕೀಲಿಮಣೆಯ ತೊಡಕು

ಕನ್ನಡದಲ್ಲಿ ಲೇಬಲ್ ಬರೆಯುವವರು ಎದುರಿಸುವ ಸಮಸ್ಯೆಯೊಂದಿದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಎಸ್ ಒತ್ತಿದರೆ ‘ಸ’, ಆರ್ ಒತ್ತಿದರೆ ‘ರ’, ಎಂ ಒತ್ತಿದರೆ ‘ಮ’ ಮೂಡುತ್ತದೆ. ಲೇಬಲ್ ಬರೆದ ಮೇಲೂ ಕನ್ನಡ ಚಾಲನೆಯಲ್ಲೇ ಉಳಿದರೆ, ಒಂಟಿ ಅಕ್ಷರದ ಆಜ್ಞೆಗಳು ತಂತ್ರಾಂಶವನ್ನು ತಲುಪದೇ ಹೋಗಬಹುದು. ಮುದ್ರಣಕ್ಕೆಂದು ಆರ್ ಒತ್ತಿದವರಿಗೆ ತಂತ್ರಾಂಶ ಕೆಟ್ಟಂತೆ ಕಾಣುತ್ತದೆ. ಕೆಟ್ಟಿರುವುದು ಏನೂ ಇಲ್ಲ, ಭಾಷೆ ಬದಲಾಗಿಲ್ಲ ಅಷ್ಟೆ. ಕಂಟ್ರೋಲ್ ಜತೆಗಿನ ಆಜ್ಞೆಗಳಿಗೆ ಈ ತೊಂದರೆ ಕಡಿಮೆ.

ಆದುದರಿಂದ ಭಾಷೆ ಬದಲಿಸುವ ಕೀಲಿಯನ್ನೂ ಸಂಪಾದನೆಯ ಶಾರ್ಟ್‌ಕಟ್‌ಗಳಲ್ಲಿ ಒಂದೆಂದೇ ಕಲಿಯಬೇಕು. ವಿಂಡೋಸ್‌ನ ಸ್ವಂತ ಕನ್ನಡ ಕೀಲಿಮಣೆಗೆ ವಿಂಡೋಸ್ ಕೀಲಿ ಮತ್ತು ಸ್ಪೇಸ್, ಬರಹ ಡೈರೆಕ್ಟ್‌ಗೆ ಎಫ್11, ನುಡಿಯ ಹಳೆಯ ಆವೃತ್ತಿಗಳಿಗೆ ಸ್ಕ್ರಾಲ್ ಲಾಕ್ ಈ ಕೆಲಸ ಮಾಡುತ್ತವೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರಾಲ್ ಲಾಕ್ ಕೀಲಿಯೇ ಇರುವುದಿಲ್ಲ ಎಂಬುದು ನೆನಪಿರಲಿ. ಎಫ್11 ಕೆಲವು ಧ್ವನಿ ತಂತ್ರಾಂಶಗಳಲ್ಲಿ ಬೇರೆ ಕೆಲಸಕ್ಕೆ ಮೀಸಲಾಗಿರುವುದರಿಂದ ಅಲ್ಲಿ ಎರಡರಲ್ಲೊಂದನ್ನು ಬದಲಿಸಿಕೊಳ್ಳಬೇಕು.

ಲೇಬಲ್‌ಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆಯುವುದು ಅಗತ್ಯ. ಹಳೆಯ ಫಾಂಟ್ ಆಧಾರಿತ ಪದ್ಧತಿಯಲ್ಲಿ ಬರೆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ, ಮಾಡಿದ ಪರಿವಿಡಿ ವ್ಯರ್ಥವಾಗುತ್ತದೆ.

ಇತರ ತಂತ್ರಾಂಶಗಳು

ವಾದ್ಯಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿ ಹಾಡು ಸಿದ್ಧಪಡಿಸುವ ಸ್ಟುಡಿಯೋಗಳಲ್ಲಿ ಇತರ ತಂತ್ರಾಂಶಗಳು ಬಳಕೆಯಲ್ಲಿವೆ. ಸ್ಪೇಸ್ ಬಾರ್ ಒತ್ತಿ ನುಡಿಸುವುದು, ನಿಲ್ಲಿಸುವುದು ಎಲ್ಲದರಲ್ಲೂ ಒಂದೇ. ಉಳಿದವುಗಳಲ್ಲಿ ವ್ಯತ್ಯಾಸವಿದೆ.

ರೀಪರ್: ಇದರ 1.0 ಆವೃತ್ತಿ 2006ರಲ್ಲಿ ಬಂತು. ಕಂಟ್ರೋಲ್ ಮತ್ತು ಆರ್ ಮುದ್ರಣಕ್ಕೆ, ಕಂಟ್ರೋಲ್ ಮತ್ತು ಟಿ ಹೊಸ ಟ್ರ್ಯಾಕಿಗೆ, ಎಸ್ ತುಂಡು ಮಾಡಲು, ಎಂ ಗುರುತು ಹಾಕಲು. ಪ್ರಶ್ನಾರ್ಥಕ ಚಿಹ್ನೆಯ ಕೀಲಿ ಒತ್ತಿದರೆ ಎಲ್ಲ ಆಜ್ಞೆಗಳ ಪಟ್ಟಿ ತೆರೆಯುತ್ತದೆ. ಪ್ರತಿಯೊಂದಕ್ಕೂ ಬೇಕಾದ ಕೀಲಿ ಕೊಡಬಹುದು.

ಕ್ಯೂಬೇಸ್: 1989ರಿಂದ ಬಳಕೆಯಲ್ಲಿದೆ. ಮುದ್ರಣಕ್ಕೆ ಸಂಖ್ಯಾಫಲಕದ ನಕ್ಷತ್ರ ಚಿಹ್ನೆ, ನಿಲ್ಲಿಸಲು ಅಲ್ಲಿನ ಸೊನ್ನೆ. ಜಿ ಮತ್ತು ಎಚ್ ಕುಗ್ಗಿಸಲು, ಹಿಗ್ಗಿಸಲು. ಸಿ ತಾಳದ ಕ್ಲಿಕ್‌ಗೆ, ಎಫ್3 ಮಿಕ್ಸರ್‌ಗೆ. ಸಂಖ್ಯಾಫಲಕವಿಲ್ಲದ ಲ್ಯಾಪ್‌ಟಾಪ್ ಬಳಸುವವರು ಮುದ್ರಣದ ಕೀಲಿಯನ್ನು ಮೊದಲೇ ಬದಲಿಸಿಕೊಳ್ಳಬೇಕು.

ಪ್ರೊ ಟೂಲ್ಸ್: 1991ರಲ್ಲಿ ಬಂದ, ದೊಡ್ಡ ಸ್ಟುಡಿಯೋಗಳ ತಂತ್ರಾಂಶ. ಎಫ್12 ಮುದ್ರಣಕ್ಕೆ, ಕಂಟ್ರೋಲ್ ಮತ್ತು ಇ ತುಂಡು ಮಾಡಲು. ಕೀಬೋರ್ಡ್ ಫೋಕಸ್ ಎಂಬ ಸ್ಥಿತಿಯನ್ನು ಚಾಲೂ ಮಾಡಿದರೆ ಒಂಟಿ ಅಕ್ಷರಗಳೇ ಆಜ್ಞೆಗಳಾಗುತ್ತವೆ. ಬಿ ತುಂಡು ಮಾಡುತ್ತದೆ, ಎಫ್ ಎರಡು ತುಂಡುಗಳ ನಡುವೆ ಹದವಾದ ಬೆಸುಗೆ ಹಾಕುತ್ತದೆ.

ಎಫ್ಎಲ್ ಸ್ಟುಡಿಯೋ: 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಎಫ್5 ಪ್ಲೇಲಿಸ್ಟ್‌ಗೆ, ಎಫ್6 ಚಾನೆಲ್ ರ‍್ಯಾಕ್‌ಗೆ, ಎಫ್7 ಪಿಯಾನೋ ರೋಲ್‌ಗೆ, ಎಫ್9 ಮಿಕ್ಸರ್‌ಗೆ. ಗಣಕದ ಕೀಲಿಮಣೆಯನ್ನೇ ಪಿಯಾನೋದಂತೆ ನುಡಿಸುವ ಸೌಲಭ್ಯ ಇದರಲ್ಲಿದೆ. ಅದು ಚಾಲೂ ಇದ್ದಾಗ ಅಕ್ಷರ ಒತ್ತಿದರೆ ಆಜ್ಞೆಯ ಬದಲು ಸ್ವರ ಕೇಳಿಸುತ್ತದೆ. ಕಂಟ್ರೋಲ್ ಮತ್ತು ಟಿ ಒತ್ತಿ ಅದನ್ನು ಬಂದ್ ಮಾಡಬಹುದು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಸಾಲಿನ ಕೀಲಿಗಳು ಧ್ವನಿ ಮತ್ತು ಬೆಳಕು ಹೆಚ್ಚು ಕಡಿಮೆ ಮಾಡಲು ಮೀಸಲಾಗಿರುತ್ತವೆ. ಅಂಥವುಗಳಲ್ಲಿ ಎಫ್ಎನ್ ಕೀಲಿಯನ್ನು ಜತೆಗೆ ಒತ್ತಬೇಕಾಗುತ್ತದೆ.

ಸ್ವಂತ ಕೀಲಿಗಳ ನೇಮಕ

ತಂತ್ರಾಂಶ ರೂಪಿಸಿದವರು ಎಲ್ಲ ಆಜ್ಞೆಗಳಿಗೂ ಕೀಲಿ ಕೊಟ್ಟಿರುವುದಿಲ್ಲ. ಹಂಪಿಯ ವಿಜಯವಿಠ್ಠಲ ದೇವಾಲಯದ ನಾದಸ್ತಂಭಗಳ ನಿದರ್ಶನ ಇಲ್ಲಿ ಪ್ರಸ್ತುತ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿನ ಮಹಾಮಂಟಪದ 11 ಕಂಬಗಳ ನಾದವನ್ನು ಕ್ರಮಬದ್ಧವಾಗಿ ಮುದ್ರಿಸಿ ಆವರ್ತನಗಳನ್ನು ವಿಶ್ಲೇಷಿಸಿದರು. ಬೆರಳಿನಿಂದ ತಟ್ಟಿದಾಗ ಘನ ಶಿಲೆಯ ಕಿರುಗಂಬಗಳು ಬಾಗುವ ರೀತಿಯ ಕಂಪನಕ್ಕೆ ಒಳಗಾಗುವುದೇ ನಾದಕ್ಕೆ ಕಾರಣವೆಂದು 2008ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸಿತು. ಸ್ಮಾರಕದ ರಕ್ಷಣೆಗಾಗಿ ಪ್ರವಾಸಿಗರು ಕಂಬ ತಟ್ಟುವುದನ್ನು ನಿಷೇಧಿಸಲಾಗಿದೆ. ಹೀಗಾಗಿ ಆ ನಾದವನ್ನು ಅರಿಯಲು ಮುದ್ರಿಕೆಯೇ ಆಧಾರ.

ಇಂತಹ ನಾದವನ್ನಾಗಲೀ ತಂಬೂರಿಯ ಶ್ರುತಿಯನ್ನಾಗಲೀ ಪರಿಶೀಲಿಸಲು ಆಡಾಸಿಟಿಯಲ್ಲಿ ಪ್ಲಾಟ್ ಸ್ಪೆಕ್ಟ್ರಂ ಎಂಬ ಆಜ್ಞೆ ಇದೆ. ಆಯ್ದ ಧ್ವನಿಯಲ್ಲಿ ಯಾವ ಆವರ್ತನ ಎಷ್ಟು ಪ್ರಬಲವಾಗಿದೆ ಎಂಬುದನ್ನು ಅದು ರೇಖಾಚಿತ್ರವಾಗಿ ತೋರಿಸುತ್ತದೆ. ಇದಕ್ಕೆ ಪೂರ್ವನಿಗದಿತ ಕೀಲಿ ಇಲ್ಲ. ಪದೇ ಪದೇ ಬಳಸುವವರು ಕಂಟ್ರೋಲ್ ಮತ್ತು ಪಿ ಒತ್ತಿ ಪ್ರಿಫರೆನ್ಸಸ್ ತೆರೆದು, ಕೀಬೋರ್ಡ್ ವಿಭಾಗದಲ್ಲಿ ತಮಗೆ ಬೇಕಾದ ಕೀಲಿಯನ್ನು ನೇಮಿಸಿಕೊಳ್ಳಬಹುದು. ಸಿದ್ಧವಾದ ಪಟ್ಟಿಯನ್ನು ಕಡತವಾಗಿ ಉಳಿಸಿ ಬೇರೆ ಗಣಕಕ್ಕೂ ಒಯ್ಯಬಹುದು. ಒಂದೇ ಗಣಕವನ್ನು ಹಲವರು ಬಳಸುವೆಡೆ ಮಾತ್ರ ಮೂಲ ಕೀಲಿಗಳನ್ನು ಬದಲಿಸದೆ, ಖಾಲಿ ಇರುವ ಕೀಲಿಗಳನ್ನಷ್ಟೇ ಬಳಸುವುದು ಲೇಸು.

ದೃಷ್ಟಿವಂಚಿತ ಕಲಾವಿದರಿಗೆ

ಕಣ್ಣು ಕಾಣುವವರಿಗೆ ಶಾರ್ಟ್‌ಕಟ್ ಒಂದು ಅನುಕೂಲ. ದೃಷ್ಟಿವಂಚಿತರಿಗೆ ತಂತ್ರಾಂಶ ಬಳಸಲು ಇರುವ ದಾರಿಯೇ ಅದು. ಹೊಸಪೇಟೆಗೆ ದೂರವಲ್ಲದ ಗದಗದ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಕಾಲದಿಂದಲೂ ಅಂಧರಿಗೆ ಸಂಗೀತ ವಿದ್ಯೆ ಧಾರೆಯೆರೆದಿದೆ. ಹೀಗೆ ಕಲಿತು ಹಾಡುವವರು ತಮ್ಮ ಹಾಡನ್ನು ತಾವೇ ಮುದ್ರಿಸಿ ಸಂಪಾದಿಸುವುದು ಇಂದು ಸಾಧ್ಯ.

ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುತ್ತದೆ. ಕನ್ನಡವನ್ನೂ ಓದಬಲ್ಲದು. ವಿಂಡೋಸ್‌ನಲ್ಲಿ ಆಡಾಸಿಟಿ ಇದರೊಡನೆ ಹೊಂದಿಕೊಂಡು ಕೆಲಸ ಮಾಡುತ್ತದೆ. ರೀಪರ್‌ಗೆ ಒಸಾರಾ ಎಂಬ ಮುಕ್ತ ಆಕರದ ಪೂರಕ ತಂತ್ರಾಂಶ ಇದೆ. ಅಲೆಯ ಚಿತ್ರವನ್ನು ನೋಡಿ ಕತ್ತರಿಸುವ ಬದಲು ಇವರು ಕೇಳುತ್ತಲೇ ಚೌಕ ಆವರಣದ ಕೀಲಿಗಳಿಂದ ಭಾಗವನ್ನು ಆಯ್ದು ಕತ್ತರಿಸುತ್ತಾರೆ. ಕಣ್ಣಿನ ನೆರವಿದ್ದವರೂ ಪರದೆಯಿಂದ ಮುಖ ತಿರುಗಿಸಿ ಈ ಕ್ರಮವನ್ನು ಅಭ್ಯಾಸ ಮಾಡಿದರೆ ಲಾಭವುಂಟು.

ಎಚ್ಚರಿಕೆಯ ಮಾತು

ಬೆರಳು ಚುರುಕಾದಷ್ಟೂ ತಪ್ಪು ಕೂಡ ಚುರುಕಾಗಿಯೇ ನಡೆಯುತ್ತದೆ. ಕಂಟ್ರೋಲ್ ಜತೆ ಕೆ ಒತ್ತಲು ಹೋಗಿ ಪಕ್ಕದ ಎಲ್ ಒತ್ತಿದರೆ ಆಯ್ದ ಭಾಗ ಅಳಿಯುವ ಬದಲು ನಿಶ್ಶಬ್ದವಾಗುತ್ತದೆ, ಕಾಲಾವಧಿ ಹಾಗೇ ಉಳಿಯುತ್ತದೆ. ಕೇಳುವವರಿಗೆ ಅದು ಗಾಯಕಿಯೇ ತಡೆದಂತೆ ತೋರುತ್ತದೆ. ಈ ಕೆಳಗಿನ ನಿಯಮಗಳನ್ನು ಪಾಲಿಸುವುದು ಕ್ಷೇಮ:

* ಮೂಲ ಮುದ್ರಿಕೆಯನ್ನು ಎಂದಿಗೂ ನೇರವಾಗಿ ಸಂಪಾದಿಸಬಾರದು. ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು.
* ಮೂಲವನ್ನು ಕನಿಷ್ಠ ಎರಡು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಇರಿಸಬೇಕು.
* ಪ್ರತಿ ಹಂತದ ನಂತರ ಕಂಟ್ರೋಲ್ ಮತ್ತು ಎಸ್ ಒತ್ತಬೇಕು. ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದು.
* ಜನಪದ ಮುದ್ರಿಕೆಯಲ್ಲಿ ಕೆಮ್ಮು, ತಡೆದ ಉಸಿರು, ಮಗು ಅತ್ತ ಸದ್ದು ಎಲ್ಲವನ್ನೂ ದೋಷವೆಂದು ತೆಗೆಯಬಾರದು. ಹಾಡಿನ ಸಂದರ್ಭವನ್ನು ಹೇಳುವುದು ಅವೇ.
* ಮುದ್ರಿಸುವ ಮುನ್ನ ಕಲಾವಿದರ ಒಪ್ಪಿಗೆ ಪಡೆದು, ಹೆಸರು, ಊರು, ದಿನಾಂಕಗಳನ್ನು ಮೊದಲ ಲೇಬಲ್‌ನಲ್ಲಿಯೇ ದಾಖಲಿಸಬೇಕು.

ಕಲಿಯುವ ಕ್ರಮ

ಎಲ್ಲ ಕೀಲಿಗಳನ್ನು ಒಮ್ಮೆಗೇ ಕಂಠಪಾಠ ಮಾಡುವುದು ವ್ಯರ್ಥ ಶ್ರಮ. ಮೊದಲ ವಾರ ಸ್ಪೇಸ್, ಎಕ್ಸ್, ರದ್ದತಿ ಮತ್ತು ಉಳಿಕೆಯ ಕೀಲಿಗಳು ಸಾಕು. ಎರಡನೆಯ ವಾರ ಚೌಕ ಆವರಣಗಳು, ತುಂಡು ಮಾಡುವುದು, ಹಿಗ್ಗಿಸಿ ಕುಗ್ಗಿಸುವುದು. ಮೂರನೆಯ ವಾರ ಲೇಬಲ್‌ಗಳು ಮತ್ತು ಭಾಷೆ ಬದಲಿಸುವ ಕೀಲಿ. ಇಷ್ಟು ರೂಢಿಯಾದರೆ ಒಂದು ರಾತ್ರಿಯ ಬುರ್ರಕಥೆಯನ್ನು ಪ್ರಸಂಗವಾರು ವಿಂಗಡಿಸಲು ಬೇಕಾದುದೆಲ್ಲ ಕೈಸೇರಿದಂತೆ. ಮನೆಯ ಹಿರಿಯರು ಹಾಡುವ ಒಂದು ಸೋಬಾನೆ ಪದವನ್ನು ಮೊಬೈಲ್‌ನಲ್ಲಿ ಮುದ್ರಿಸಿ, ಅದಕ್ಕೆ ಹತ್ತು ಗುರುತು ಹಾಕಿ ಹೆಸರಿಸುವುದರಿಂದ ಈ ಅಭ್ಯಾಸವನ್ನು ಆರಂಭಿಸಬಹುದು.